ಹೊಸ್ತಿಲ ಗಣಿತ, ಕಾಣದ ಮೇಷ್ಟ್ರು

ಕವಿತೆಯನ್ನು ವಿಮರ್ಶೆ ಮಾಡ್ತೇವೆ, ಕಾದಂಬರಿಯನ್ನು ಮಾಡ್ತೇವೆ, ಶಾಲೆಯ ಕನ್ನಡ ಪಾಠಗಳಲ್ಲಿ ಯಾರ ಹೆಸರಿದೆ ಯಾರ ಹೆಸರಿಲ್ಲ ಅಂತ ಬೀದಿಗೂ ಇಳಿಯುತ್ತೇವೆ. ಗಣಿತದ ಪುಸ್ತಕವನ್ನು ಮಾತ್ರ ನಮ್ಮಲ್ಲಿ ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಅದಕ್ಕೆ ಜಾತಿಯಿಲ್ಲ, ಬಣ್ಣವಿಲ್ಲ, ಎರಡಕ್ಕೆ ಎರಡು ಕೂಡಿಸಿದರೆ ಯಾರ ಮನೆಯಲ್ಲಾದರೂ ನಾಲ್ಕೇ ಅಲ್ಲವೇ ಎಂಬ ನಂಬಿಕೆ. ನಾಲ್ಕೇ, ಅದರಲ್ಲಿ ನನ್ನ ತಕರಾರಿಲ್ಲ. ಅದನ್ನು ಯಾರು, ಯಾರಿಗೆ, ಎಲ್ಲಿ ಕೂತು ಕಲಿಸುತ್ತಾರೆ, ಕಲಿಯಲಾಗದೆ ಹೋದಾಗ ತಪ್ಪನ್ನು ಯಾರ ತಲೆಗೆ ಕಟ್ಟುತ್ತಾರೆ ಎಂಬಲ್ಲಿ ತಕರಾರಿದೆ. ಆ ತಕರಾರನ್ನು ಅಮೆರಿಕದ ಕಾಲೇಜುಗಳು ಇಂಟರ್‌ನೆಟ್ಟಿನಲ್ಲಿ ನಡೆಸುವ ಒಂದು ಕೋರ್ಸಿನ ನೆಪದಲ್ಲಿ ಇಲ್ಲಿ ಎತ್ತುತ್ತಿದ್ದೇನೆ.

ಕೋರ್ಸಿನ ಹೆಸರು ಪ್ರಿ-ಕ್ಯಾಲ್ಕ್ಯುಲಸ್. ಬೀಜಗಣಿತ ಮುಗಿದ ಮೇಲೆ, ಕ್ಯಾಲ್ಕ್ಯುಲಸ್ ಶುರುವಾಗುವ ಮೊದಲು ಬರುವ ಗಣಿತ. ಫಂಕ್ಷನ್ನು, ಘಾತ, ಲಾಗರಿದಮ್ಮು, ತ್ರಿಕೋನಮಿತಿ, ಶ್ರೇಢಿಗಳು. ನಮ್ಮ ಮೊದಲ ಪಿಯುಸಿ ಗಣಿತದಲ್ಲಿ ಬಹುಪಾಲು ಇದೇ ಇದೆ. ಅಲ್ಲಿ ಅದು ಒಂದು ಹೊಸ್ತಿಲು. ದಾಟಿದವನು ಎಂಜಿನಿಯರಿಂಗು, ಭೌತವಿಜ್ಞಾನಗಳ ಕಡೆ ಹೋಗಬಹುದು, ಎಡವಿದವನಿಗೆ ಆ ಬಾಗಿಲುಗಳು ಮುಚ್ಚಿಕೊಂಡವು ಅಂತಲೇ ಲೆಕ್ಕ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಎಷ್ಟೋ ವರ್ಷ ಒಂದು ಪ್ರವೇಶದ ಪರೀಕ್ಷೆ ಕೊಟ್ಟು, ಅದರಲ್ಲಿ ಹಿಂದೆ ಬಿದ್ದವರನ್ನು ಅಂಕವೂ ಸಿಗದ ಕೆಳತರಗತಿಗಳಿಗೆ ತಳ್ಳುತ್ತಿದ್ದರು. ಹಾಗೆ ತಳ್ಳಿಸಿಕೊಂಡವರಲ್ಲಿ ಕರಿಯರು, ಲ್ಯಾಟಿನೋಗಳು, ಬಡವರ ಮಕ್ಕಳು ಅವರ ಸಂಖ್ಯೆಗೆ ಮೀರಿ ಇದ್ದರು. ಬಹಳ ಜನ ಅಲ್ಲೇ ಕಳೆದುಹೋದರು. 2017ರಲ್ಲಿ ಕಾನೂನು ಮಾಡಿ ಆ ಪದ್ಧತಿಗೆ ಕಡಿವಾಣ ಹಾಕಬೇಕಾಯಿತು. ಹೊಸ್ತಿಲು ಅಂದರೆ ಏನು ಅಂತ ನಮ್ಮೋರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕೋರ್ಸಿಗೆ ಅನೇಕ ಕಡೆ ಓದಿಸುವ ಒಂದು ಪುಸ್ತಕವಿದೆ. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ 2014ರಲ್ಲಿ ಹೊರತಂದದ್ದು, ಹನ್ನೆರಡು ಅಧ್ಯಾಯ, ಮುಖ್ಯ ಲೇಖಕ ಜೇ ಅಬ್ರಾಮ್ಸನ್. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಕಾಸು ಕೊಡದೆ ಓದಬಹುದು. ಕಾಲೇಜಿನ ಒಂದು ಗಣಿತ ಪುಸ್ತಕಕ್ಕೆ ನೂರು ಡಾಲರಿಗೂ ಮೇಲೆ ಕೀಳುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ನಮಗೂ ಸಣ್ಣ ಮಾತಲ್ಲ. ಲೈಬ್ರರಿಯ ಕಟಕಟೆಯ ಮುಂದೆ ನಿಂತು, 'ಆ ಪುಸ್ತಕ ಹೊರಗೆ ಕೊಡೋದಿಲ್ಲ' ಅನ್ನಿಸಿಕೊಂಡು ಬಂದ ತಲೆಮಾರಿನ ಮಗ ನಾನು. ಮುಚ್ಚಿದ್ದು ತೆರೆದರೆ ಮೊದಲು ಒಳ್ಳೇದಾಯ್ತು ಅನ್ನಬೇಕು, ಆಮೇಲೆ ಒಳಗೆ ಏನಿದೆ ಅಂತ ನೋಡಬೇಕು. ರಾತ್ರಿ ಹೊತ್ತು ಮೊಬೈಲಿನಲ್ಲಿ ನಾನು ಅದನ್ನು ಓದಿದ್ದು ಹಾಗೆಯೇ.

ಒಳಗೆ ಏನಿದೆ? ಮೊದಲ ಅಧ್ಯಾಯ ತೆರೆದರೆ ಅಮೆರಿಕದ ಷೇರುಪೇಟೆಯ ಏರಿಳಿತದ ಗೆರೆ. ಒಂದು ಸಂಖ್ಯೆ ಇನ್ನೊಂದಕ್ಕೆ ಹೇಗೆ ಗಂಟುಬಿದ್ದಿದೆ ಅಂತ ಹೇಳುವ ಫಂಕ್ಷನ್ನಿಗೆ ಮೊದಲ ಉದಾಹರಣೆ ಅದು. ಕೂಲಿಗೂ ಅಕ್ಕಿಯ ಬೆಲೆಗೂ ಇರುವ ಗಂಟೂ ಫಂಕ್ಷನ್ನೇ, ಆದರೆ ಪುಸ್ತಕದ ಕಣ್ಣು ಮೊದಲು ಬಿದ್ದದ್ದು ಷೇರಿನ ಮೇಲೆ. ನಾಲ್ಕನೇ ಅಧ್ಯಾಯಕ್ಕೆ ಬಂದರೆ ನಾವೇ ಇದ್ದೇವೆ! ಘಾತದ ಬೆಳವಣಿಗೆಗೆ ಉದಾಹರಣೆ ಭಾರತದ ಜನಸಂಖ್ಯೆ. 2013ರಲ್ಲಿ 125 ಕೋಟಿ, ವರ್ಷಕ್ಕೆ ನೂರಕ್ಕೆ 1.2ರಷ್ಟು ಏರಿಕೆ, ಇದೇ ವೇಗ ಉಳಿದರೆ 2031ಕ್ಕೆ ಚೀನಾವನ್ನು ದಾಟುತ್ತದೆ ಎಂಬುದು ಲೆಕ್ಕ. 1.25ನ್ನು 1.012ರಿಂದ ಹದಿನೆಂಟು ಸಲ ಗುಣಿಸುತ್ತ ಹೋದರೆ 1.549 ಬರುತ್ತದೆ, ಅಂದರೆ ಸುಮಾರು 155 ಕೋಟಿ. ಲೆಕ್ಕ ಸರಿ.

ಆದರೆ ಭಾರತ ಚೀನಾವನ್ನು ದಾಟಿದ್ದು 2023ರಲ್ಲೇ ಎಂದು ವಿಶ್ವಸಂಸ್ಥೆ ಹೇಳಿತು. ನಮ್ಮ ಏರಿಕೆಯೇ ಪುಸ್ತಕದ ಅಂಕಿಗಿಂತ ಇಳಿಯಿತು, ಚೀನಾದ ಸಂಖ್ಯೆಯಂತೂ 2022ರಲ್ಲಿ ಕೆಳಮುಖವಾಯಿತು. ಇಲ್ಲಿ 2021ರ ಜನಗಣತಿ ಆ ವರ್ಷ ಆಗಲೇ ಇಲ್ಲ. ಇದು ಪುಸ್ತಕದ ಸುಳ್ಳಲ್ಲ. 'ಇದೇ ವೇಗ ಉಳಿದರೆ' ಅಂತ ಅದು ಹೇಳಿಯೇ ಇದೆ. ನನ್ನ ಮಾತು ಆ 'ರೆ' ಎಂಬ ಒಂದಕ್ಷರದ ಮೇಲೆ. ಗಣಿತವೆಲ್ಲ ಇರುವುದು ಆ 'ರೆ'ಯಲ್ಲಿ. ವೇಗ ಯಾಕೆ ಉಳೀಬೇಕು? ಯಾವುದು ಅದನ್ನು ತಗ್ಗಿಸ್ತದೆ, ಹೆಣ್ಣುಮಕ್ಕಳ ಓದೋ, ಪಟ್ಟಣದ ಬಾಡಿಗೆಯೋ, ಸರ್ಕಾರದ ಕಟ್ಟಳೆಯೋ? ಒಬ್ಬ ಮೇಷ್ಟ್ರು ಎದುರಿಗಿದ್ದರೆ ಹುಡುಗಿಯೊಬ್ಬಳು ಎದ್ದು ನಿಂತು ಇದನ್ನು ಕೇಳಬಹುದು, ಕ್ಲಾಸು ಬಿಸಿಯಾಗಬಹುದು. ಪರದೆಯ ಮೇಲಿನ ಕೋರ್ಸಿನಲ್ಲಿ ಇರುವುದು ಒಂದು ಖಾಲಿ ಚೌಕ. ಅದರಲ್ಲಿ 1.549 ತುಂಬಿದರೆ ಹಸಿರು, ಇಲ್ಲದಿದ್ದರೆ ಕೆಂಪು. 'ರೆ'ಯ ಬಗ್ಗೆ ಕೇಳೋದಕ್ಕೆ ಚೌಕವೇ ಇಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಯಂತ್ರ ಸುಳಿವು ಕೊಡುತ್ತದೆ, ಬಿಡಿಸಿದ ಲೆಕ್ಕವನ್ನೂ ತೋರಿಸುತ್ತದೆ, ಎಷ್ಟು ಸಲ ಕೇಳಿದರೂ ಬೇಸರಿಸುವುದಿಲ್ಲ, 'ನಿಮ್ಮೋರಿಗೆಲ್ಲ ಯಾಕಯ್ಯಾ ಗಣಿತ' ಅಂತ ಹಂಗಿಸುವುದಿಲ್ಲ. ಹಂಗಿಸಿಕೊಂಡು ಓದಿದವರಿಗೆ ಈ ಕೊನೆಯದರ ಬೆಲೆ ಗೊತ್ತು. ಆದರೂ ನಮ್ಮವ್ವ ಒಂದು ರಾತ್ರಿ ನನ್ನ ಮೊಬೈಲನ್ನು ಇಣುಕಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ: 'ಅಲ್ಲ ಕಣಪ್ಪಾ, ಆ ಮೇಷ್ಟ್ರು ನಿಂಗೆ ಕಾಣ್ತಾರೆ ಸರಿ, ಅವರಿಗೆ ನೀನು ಕಾಣ್ತೀಯಾ?'

ಅಕ್ಷರ ಬಾರದ ಅವ್ವ ಕೇಳಿದ ಪ್ರಶ್ನೆಯನ್ನು ದೊಡ್ಡ ದೊಡ್ಡ ತಲೆಗಳು ಕೇಳಲಿಲ್ಲ. 2013ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯವೂ ಉಡಾಸಿಟಿ ಎಂಬ ಕಂಪನಿಯೂ ಒಪ್ಪಂದ ಮಾಡಿಕೊಂಡವು. ಗವರ್ನರ್ ಜೆರ್ರಿ ಬ್ರೌನ್ ಅವರೇ ಮುಂದೆ ನಿಂತಿದ್ದರು. ಮೂರು ಆನ್‌ಲೈನ್ ಕೋರ್ಸು: ಕೆಳಹಂತದ ಬೀಜಗಣಿತ, ಪ್ರಿ-ಕ್ಯಾಲ್ಕ್ಯುಲಸ್ಸಿನ ಪಕ್ಕದಲ್ಲೇ ಇರುವ ಕಾಲೇಜು ಬೀಜಗಣಿತ, ಮತ್ತು ಸಂಖ್ಯಾಶಾಸ್ತ್ರ. ಒಂದಕ್ಕೆ 150 ಡಾಲರು. ಬಡ ಮಕ್ಕಳಿಗೆ ಅಗ್ಗದ ದಾರಿ ಅಂತ ಡಂಗುರ. ಆ ಮೊದಲ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಾಸಾಗಲಿಲ್ಲ, ಜುಲೈಗೆ ಯೋಜನೆ ನಿಂತಿತು. ಸೇರಿಸಿಕೊಂಡವರಲ್ಲಿ ಓಕ್ಲೆಂಡಿನ ಒಂದು ಶಾಲೆಯ ಬಡ ಮಕ್ಕಳಿದ್ದರು. ಅವರಲ್ಲಿ ಕೆಲವರ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ ಅನ್ನುವುದು ಗೊತ್ತಾದದ್ದು ಕೋರ್ಸು ಶುರುವಾದ ಮೇಲೆ! ಆ ಬೇಸಿಗೆಯಲ್ಲಿ ಮತ್ತೆ ನಡೆಸಿದಾಗ ಫಲಿತಾಂಶ ಮೇಲೇರಿತು, ನಿಜ. ಆದರೆ ಆ ಸಲ ಸೇರಿದವರಲ್ಲಿ ದೊಡ್ಡ ಪಾಲು ಆಗಲೇ ಡಿಗ್ರಿ ಪಡೆದವರು. ಈಜು ಬಲ್ಲವರನ್ನು ಹೊಳೆಗಿಳಿಸಿ 'ನೋಡಿ, ಹೊಳೆ ಆಳವಿಲ್ಲ' ಅಂದ ಹಾಗಾಯಿತು.

ಕೊನೆಗೆ ಕಂಪನಿಯ ಸ್ಥಾಪಕ ಸೆಬಾಸ್ಟಿಯನ್ ಥ್ರುನ್ ಅದೇ ವರ್ಷದ ನವೆಂಬರಿನಲ್ಲಿ ಒಪ್ಪಿಕೊಂಡರು: ಕಷ್ಟದ ಬದುಕಿನಿಂದ ಬಂದ ಈ ಮಕ್ಕಳಿಗೆ ಈ ಮಾಧ್ಯಮ ಹೊಂದುವುದಿಲ್ಲ ಎಂಬ ಅರ್ಥದ ಮಾತು. ಕಂಪನಿ ಉದ್ಯೋಗಸ್ಥರಿಗೆ ತರಬೇತಿ ಮಾರುವ ಕಡೆ ಹೊರಳಿತು. ಅವರು ಒಪ್ಪಿಕೊಂಡದ್ದು ದೊಡ್ಡದು ಅನ್ನುವವರಿದ್ದಾರೆ. ಆದರೆ ಈ ಮಾತಿನ ವ್ಯಾಕರಣ ನೋಡಿ. ಯಾರಿಗಾಗಿ ಮಾಡಿದೆವು ಅಂತ ಡಂಗುರ ಹೊಡೆದರೋ ಅವರಿಗೇ ಹೊಂದದಿದ್ದರೆ, ಬದಲಾಗಬೇಕಾದ್ದು ಮಾಧ್ಯಮ. ಇಲ್ಲಿ ಬದಲಾದದ್ದು ಗಿರಾಕಿ. ಬಡವರ ಮಕ್ಕಳನ್ನು ಬಾಗಿಲಿಗೆ ಕರೆದವರೇ ಅವರನ್ನು ಅಲ್ಲೇ ಬಿಟ್ಟು ಒಳಗೆ ಬೇರೆಯವರಿಗೆ ಎಲೆ ಹಾಕಿದರು.

ಅವ್ವನ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಕಲಿಸುವಾಗ ನಮ್ಮನ್ನು ನೋಡದ ಈ ಕಣ್ಣು ಪರೀಕ್ಷೆಯ ಹೊತ್ತಿಗೆ ಸರಿಯಾಗಿ ತೆರೆದುಕೊಳ್ಳುತ್ತದೆ. ಆನ್‌ಲೈನ್ ಪರೀಕ್ಷೆಯಲ್ಲಿ ಕ್ಯಾಮೆರಾ ಹಾಕಿಕೊಂಡು ಕೂರಬೇಕು, ಕಣ್ಣು ಅತ್ತಿತ್ತ ಹೊರಳಿದರೆ ಅನುಮಾನ, ಕೋಣೆಯನ್ನು ಸುತ್ತಲೂ ತಿರುಗಿಸಿ ತೋರಿಸಬೇಕು. ಓಹಾಯೋದ ಕ್ಲೀವ್ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ರಸಾಯನಶಾಸ್ತ್ರದ ಪರೀಕ್ಷೆಗೆ ಹೀಗೆ ತನ್ನ ಮಲಗುವ ಕೋಣೆಯನ್ನು ತೋರಿಸಬೇಕಾಗಿ ಬಂದದ್ದಕ್ಕೆ ಕೋರ್ಟಿಗೆ ಹೋದ. 2022ರ ಆಗಸ್ಟಿನಲ್ಲಿ ಫೆಡರಲ್ ನ್ಯಾಯಾಧೀಶರು ಅದು ಸಂವಿಧಾನದ ಉಲ್ಲಂಘನೆ ಎಂದು ತೀರ್ಪು ಕೊಟ್ಟರು. ಅವನಿಗೆ ತೋರಿಸಲು ಒಂದು ಕೋಣೆಯಾದರೂ ಇತ್ತು. ಅಡಿಗೆ, ಮಲಗೋದು, ಓದೋದು, ಜಗಳ ಎಲ್ಲಾ ಒಂದೇ ಅಂಕಣದಲ್ಲಿ ನಡೆಯುವ ಮನೆಯ ಹುಡುಗಿ ಕ್ಯಾಮೆರಾ ತಿರುಗಿಸಿದರೆ ಏನೇನು ಕಾಣುತ್ತದೆ? ಮೇಷ್ಟ್ರ ಕಣ್ಣು ಇಲ್ಲ, ಪೊಲೀಸಿನ ಕಣ್ಣು ಇದೆ. ಈ ಕೋರ್ಸುಗಳ ವಿರುದ್ಧ ನನ್ನ ದೂರು ಒಂದೇ ವಾಕ್ಯದಲ್ಲಿ ಹೇಳು ಅಂದರೆ ಇದೇ.

ಇಂಥ ಕಲಿಕೆಯನ್ನು ಹೊಗಳುವವರು ಏಕಲವ್ಯನ ಹೆಸರು ಹೇಳಿದ್ದನ್ನು ಕೇಳಿದ್ದೇನೆ. ಮಣ್ಣಿನ ಗೊಂಬೆಯ ಮುಂದೆ ಕೂತು ಕಲಿತವನಲ್ಲವೇ, ಪರದೆಯ ಮುಂದೆ ಕೂತು ನೀವೂ ಕಲೀರಿ ಅಂತ. ಏಕಲವ್ಯ ಒಂಟಿಯಾಗಿ ಕಲಿತದ್ದು ಅವನ ಗುರುಭಕ್ತಿಯ ಹಿರಿಮೆಯಲ್ಲ ಸ್ವಾಮೀ, ಅವನನ್ನು ಹೊರಗಿಟ್ಟವರ ಅಪರಾಧ. ಅಪರಾಧವನ್ನು ಆದರ್ಶ ಮಾಡಬೇಡಿ. ಆ ದ್ರೋಣನೂ ಹಾಗೆಯೇ ಅಲ್ಲವೇ? ಕಲಿಸುವಾಗ ಕಾಣಲಿಲ್ಲ, ಬೆರಳು ಕೇಳೋಕೆ ಬಂದ.

ಹಾಗಾದರೆ ಬಿಟ್ಟುಬಿಡೋಣವೇ? ಅದೂ ಅವರಿಗೆ ಬೇಕಾದದ್ದೇ. ತ್ರಿಕೋನಮಿತಿಯ 'ಸೈನ್' ಎಂಬ ಪದವನ್ನೇ ತೆಗೆದುಕೊಳ್ಳಿ. ಬಿಲ್ಲಿನ ಹೆದೆಗೆ ಸಂಸ್ಕೃತದಲ್ಲಿ ಜ್ಯಾ, ಜೀವಾ. ಆರ್ಯಭಟನ ಕಾಲದ ಆ ಲೆಕ್ಕ ಅರಬರ ಕೈಗೆ ಹೋಗಿ 'ಜೀಬ' ಆಯಿತು. ಸ್ವರಗಳನ್ನು ಬರೆಯದ ಅವರ ಬರಹದಲ್ಲಿ ಅದನ್ನೇ 'ಜೈಬ್' ಅಂತ ಓದಿದರು. ಅದಕ್ಕೆ ಅರಬಿಯಲ್ಲಿ ಬಟ್ಟೆಯ ಮಡಿಕೆ, ಎದೆಯ ಹತ್ತಿರದ ಚೀಲ ಎಂಬ ಅರ್ಥ, ನಾವು ಅಂಗಿಗೆ ಹೊಲಿಸಿಕೊಳ್ಳುವ 'ಜೇಬು' ಅದೇ ಪದ. ಹನ್ನೆರಡನೇ ಶತಮಾನದಲ್ಲಿ ಲ್ಯಾಟಿನ್ನಿಗೆ ತಂದವರು ಆ ಅರ್ಥವನ್ನೇ ಹಿಡಿದು 'ಸೈನಸ್' ಅಂದರು. ಒಂದು ತಪ್ಪು ಓದು ಲೋಕದ ಗಣಿತಕ್ಕೆ ಹೆಸರು ಕೊಟ್ಟಿತು! ಇದು ಯಾವ ಅಗ್ರಹಾರದ ಆಸ್ತಿ? ಎಷ್ಟೋ ಜನರ ಕೈ, ಬಾಯಿ, ತಪ್ಪುಗಳು ಸೇರಿ ಆದದ್ದು. ತಪ್ಪಿಗೆ ಕೆಂಪು ಬಣ್ಣ ಬಳಿದು ಮುಂದೆ ಹೋಗುವ ಯಂತ್ರಕ್ಕೆ ಈ ಚರಿತ್ರೆ ಗೊತ್ತಿಲ್ಲ.

ಗೊತ್ತಿದ್ದವರು ಬೇರೆ ದಾರಿ ಮಾಡಿದ್ದಾರೆ. 1970ರ ದಶಕದಲ್ಲಿ ಬರ್ಕ್ಲಿಯಲ್ಲಿ ಯೂರಿ ಟ್ರೈಸ್ಮನ್ ಎಂಬಾತ, ಕ್ಯಾಲ್ಕ್ಯುಲಸ್ಸಿನಲ್ಲಿ ಕರಿಯ ವಿದ್ಯಾರ್ಥಿಗಳು ಯಾಕೆ ಬೀಳುತ್ತಾರೆ, ಚೀನೀ ಮೂಲದವರು ಯಾಕೆ ಗೆಲ್ಲುತ್ತಾರೆ ಅಂತ ಎರಡೂ ಕಡೆ ಇಪ್ಪತ್ತಿಪ್ಪತ್ತು ಜನರನ್ನು ಹಿಂಬಾಲಿಸಿ ನೋಡಿದರು. ಛಲ ಕಡಿಮೆ, ಮನೆಯಲ್ಲಿ ಒತ್ತಾಸೆ ಇಲ್ಲ ಎಂಬ ಮೇಷ್ಟ್ರುಗಳ ಊಹೆಯೆಲ್ಲ ಸುಳ್ಳಾಯಿತು. ಕರಿಯ ಮಕ್ಕಳು ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡು ಓದುತ್ತಿದ್ದರು. ಚೀನೀ ಮಕ್ಕಳು ಸೇರಿಕೊಂಡು, ಒಬ್ಬರ ಲೆಕ್ಕ ಒಬ್ಬರು ತಿದ್ದಿಕೊಂಡು, ಊಟದ ಜೊತೆಗೂ ಅದನ್ನೇ ಮಾತಾಡಿಕೊಂಡು ಓದುತ್ತಿದ್ದರು. ಟ್ರೈಸ್ಮನ್ ಸುಲಭದ ಪಾಠ ಕೊಡಲಿಲ್ಲ, ಕಷ್ಟದ ಲೆಕ್ಕಗಳನ್ನೇ ಕೊಟ್ಟು ಗುಂಪಿನಲ್ಲಿ ಕೂರಿಸಿದರು. ಆ ಕರಿಯ ಮಕ್ಕಳು ಮೇಲೆ ಬಂದರು.

ಇನ್ನೊಬ್ಬರು ಬಾಬ್ ಮೋಸಸ್. 1960ರ ದಶಕದ ಮಿಸಿಸಿಪಿಯಲ್ಲಿ ಕರಿಯರನ್ನು ಮತದಾರರ ಪಟ್ಟಿಗೆ ಸೇರಿಸಲು ಏಟು ತಿಂದು ದುಡಿದವರು. ಓದು ಬರಹದ ಪರೀಕ್ಷೆಯ ಹೆಸರಿನಲ್ಲೇ ಅಲ್ಲಿ ಕರಿಯರ ಓಟು ಕಿತ್ತುಕೊಂಡಿದ್ದರು. ಅದೇ ಮೋಸಸ್ 1982ರಲ್ಲಿ ಬೀಜಗಣಿತ ಕಲಿಸಲು ನಿಂತು 'ಆಲ್ಜೀಬ್ರಾ ಪ್ರಾಜೆಕ್ಟ್' ಕಟ್ಟಿದರು. ಗಣಿತ ಬಾರದವನು ನಾಳೆಯ ಬದುಕಿನಲ್ಲಿ ಓಟಿಲ್ಲದವನ ಹಾಗೆ ಎಂಬುದು ಅವರ ನಿಲುವು. 2021ರಲ್ಲಿ ತೀರಿಕೊಳ್ಳುವ ತನಕ ಅದನ್ನು ಬಿಡಲಿಲ್ಲ. ಅವರ ರೀತಿ ನಮ್ಮಂಥವರ ಎದೆಗೆ ತಟ್ಟುವಂಥದು. ಮಕ್ಕಳನ್ನು ಊರಿನ ರೈಲಿನಲ್ಲಿ ಸುತ್ತಾಡಿಸು. ಕಂಡದ್ದನ್ನು ಚಿತ್ರ ಬರೆಯಲಿ. ಆಮೇಲೆ ಅವರ ಬಾಯಿಮಾತಿನಲ್ಲೇ, ಅವರ ಕೇರಿಯ ನುಡಿಯಲ್ಲೇ ಹೇಳಲಿ. ಅದಾದ ಮೇಲೆ ಅದನ್ನು ಕಟ್ಟಿನ ಮಾತಿಗೆ ತಾ. ಚಿಹ್ನೆ, ಸಮೀಕರಣ ಎಲ್ಲ ಕೊನೆಗೆ. ಮಕ್ಕಳ ಮಾತಿನಿಂದ ಗಣಿತಕ್ಕೆ ಹೋಗುವ ದಾರಿ ಅದು.

ಬಂಡಾಯದ ಗೆಳೆಯರಿಗೆ ಈ ವಿಮರ್ಶೆಯ ಕೊನೆಯ ಮಾತು. ಏಕಲವ್ಯನ ಹೆಬ್ಬೆರಳಿನ ಮೇಲೆ ನಾವು ಬರೆದ ಪದ್ಯಗಳು ಸಾಕಷ್ಟಾದವು. ಸೈನ್ ಅಂದರೆ ಹೆದೆ. ಹೆದೆಯೇರಿಸಲು ಬರುವವರು ನಮ್ಮಲ್ಲಿ ಎಷ್ಟು ಜನ? ಆ ಪುಸ್ತಕ ಪುಕ್ಕಟೆ ಇದೆ, ಅದನ್ನು ಬದಲಿಸಿ, ಕನ್ನಡಕ್ಕೆ ತಂದು, ಲೇಖಕರ ಹೆಸರು ಹೇಳಿ ಹಂಚಿಕೊಳ್ಳಲು ಅದರ ಪರವಾನಗಿಯೇ ಒಪ್ಪುತ್ತದೆ. ಷೇರುಪೇಟೆಯ ಗೆರೆಯ ಜಾಗದಲ್ಲಿ ಕೂಲಿಯ ಗೆರೆ ಎಳೆಯಿರಿ. ಹಾಸ್ಟೆಲಿನ ಊಟದ ಹಾಲು ರಾತ್ರಿ ಒಂಬತ್ತರ ಮೇಲೆ ಖಾಲಿ ಇರುತ್ತದೆ. ಒಂದು ಮೊಬೈಲು, ಹತ್ತು ಹುಡುಗ ಹುಡುಗಿಯರು, ಒಂದು ಕರಿಹಲಗೆ, ಲೆಕ್ಕ ಬಲ್ಲ ಒಬ್ಬ ಅಣ್ಣನೋ ಅಕ್ಕನೋ ಇದ್ದರೆ ಸಾಕು. ಪರದೆಯ ಮೇಷ್ಟ್ರು ಪಾಠ ಹೇಳಲಿ, 'ಯಾಕೆ' ಅಂತ ಕೇಳೋದನ್ನು ಆ ಹತ್ತು ಜನ ಒಬ್ಬರಿಗೊಬ್ಬರು ಕೇಳಿಕೊಳ್ಳಲಿ.

ಕಾಣದ ಮೇಷ್ಟ್ರ ಮುಂದೆ ಒಂಟಿಯಾಗಿ ಕೂರಬೇಡಿ. ಕೂತರೆ ಗುಂಪಾಗಿ ಕೂತ್ಕೊಳ್ಳಿ.