ಕಲಿಯನ್ನು ಬಿಟ್ಟುಕೊಟ್ಟ ನಳ

ಕೊಚ್ಚಿಗೆ ಬಂದ ಮೊದಲ ವರ್ಷ ನನ್ನೊಳಗೆ ಒಂದು ಹಗೆ ಕೂತಿತ್ತು. ಎಂಟು ತಿಂಗಳ ನನ್ನ ಕೆಲಸವನ್ನು ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮದೆಂದು ತೋರಿಸಿ ಬಡ್ತಿ ಪಡೆದಿದ್ದರು. ಫೋನಿನಲ್ಲಿ ಅಮ್ಮ, "ದೇವರು ನೋಡ್ಕೋತಾನೆ, ನೀನು ಕೈ ಹಾಕಬೇಡ" ಅಂದಳು. ಕೈಲಾಗದವರ ಮಾತು ಅನ್ನಿಸಿತು. ಅದೇ ಸಿಟ್ಟಿನಲ್ಲಿ ತ್ರಿಪ್ಪೂಣಿತ್ತುರದ ಪೂರ್ಣತ್ರಯೀಶ ದೇವಸ್ಥಾನದ ವೃಶ್ಚಿಕೋತ್ಸವಕ್ಕೆ ಹೋಗಿ, ನಿದ್ದೆಗೆಟ್ಟು 'ದುರ್ಯೋಧನವಧಂ' ಕಥಕಳಿ ನೋಡಿದೆ.

ರನ್ನನ ಗದಾಯುದ್ಧ ಓದಿದವರಿಗೆ ಆ ಭೀಮ ಹೊಸಬನಲ್ಲ. ದುಶ್ಶಾಸನನ ಕರುಳು ಬಗೆದು, ನೆತ್ತರುಗೈಯಲ್ಲಿ ದ್ರೌಪದಿಯ ಮುಡಿ ಕಟ್ಟುವಾಗ ಚೆಂಡೆಯ ಅಬ್ಬರಕ್ಕೆ ನನ್ನ ಮೈಯೂ ಬಿಸಿಯಾಗಿತ್ತು. ಆಮೇಲೊಂದು ಸಣ್ಣ ದೃಶ್ಯವಿದೆ. ರೌದ್ರ ಇಳಿದ ಭೀಮ ಕೃಷ್ಣನನ್ನು ಕಂಡು ಕುಗ್ಗಿಹೋಗುತ್ತಾನೆ. ನನ್ನ ಅಕ್ಕಪಕ್ಕದವರು ಅಷ್ಟರಲ್ಲಿ ಚಾಪೆ ಸುತ್ತುತ್ತಿದ್ದರು.

ಮುಂದೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿ ಕೋಟೆಯೊಳಗಿನ ಕಾರ್ತಿಕ ತಿರುನಾಳ್ ರಂಗಮಂದಿರದಲ್ಲಿ ಉಣ್ಣಾಯಿ ವಾರಿಯರ್ ಅವರ 'ನಳಚರಿತಂ' ಮೂರನೆಯ ದಿನದ ಕಥೆ ನೋಡಿದೆ. ಕನಕದಾಸರ ನಳಚರಿತ್ರೆಯಿಂದ ಕಥೆ ನಮಗೂ ಗೊತ್ತು. ಜೂಜಿನಲ್ಲಿ ರಾಜ್ಯ ಹೋಗಿದೆ, ಕಾಡಿನಲ್ಲಿ ಹೆಂಡತಿಯನ್ನು ಬಿಟ್ಟು ಬಂದಿದ್ದಾನೆ, ಕಾರ್ಕೋಟಕನ ವಿಷದಿಂದ ರೂಪವೂ ಹೋಗಿ ನಳ ಈಗ ಬಾಹುಕ. ಋತುಪರ್ಣನಿಂದ ಅಕ್ಷಹೃದಯ ಕಲಿತ ಗಳಿಗೆಯಲ್ಲೇ ಕಲಿ ಅವನ ಮೈಯಿಂದ ಹೊರಬರುತ್ತಾನೆ. ನಳ ಕತ್ತಿ ಎತ್ತುತ್ತಾನೆ. ಕಲಿ ಬೇಡಿಕೊಳ್ಳುತ್ತಾನೆ. ಕತ್ತಿ ಕೆಳಗಿಳಿಯುತ್ತದೆ.

ಇದನ್ನು ದೊಡ್ಡತನ ಎಂದು ಹೊಗಳುವುದು ರೂಢಿ. ನನಗೆ ಹಾಗೆ ಕಾಣಲಿಲ್ಲ. ಕಲಿ ಅಷ್ಟು ಕಾಲವೂ ನಳನೊಳಗೇ ಇದ್ದು, ಕಾರ್ಕೋಟಕನ ವಿಷದಲ್ಲೂ ದಮಯಂತಿಯ ಶಾಪದಲ್ಲೂ ಬೇಯುತ್ತಿದ್ದವನು. ಶಿಕ್ಷೆ ನಳನ ಕತ್ತಿಗಾಗಿ ಕಾದಿರಲಿಲ್ಲ. ಮಹಾಭಾರತದಲ್ಲಿ ಇದನ್ನು ಬೃಹದಶ್ವ ಮುನಿ ಯಾರಿಗೆ ಹೇಳುತ್ತಾನೆ ನೋಡಿ: ವನವಾಸದಲ್ಲಿರುವ ಯುಧಿಷ್ಠಿರನಿಗೆ, ಅದೂ ಈಗಲೇ ಯುದ್ಧಕ್ಕೆ ಹೋಗೋಣವೆಂದು ಭೀಮ ಹಟ ಹಿಡಿದಿರುವಾಗ. ನಾನು ಕೊಚ್ಚಿಯಲ್ಲಿ ನೋಡಿದ ಆಟಕ್ಕೆ ಉತ್ತರ ಅದಕ್ಕೂ ಮುಂಚಿನ ಪರ್ವದಲ್ಲೇ ಇತ್ತು!

ಆದರೂ ನನ್ನದೊಂದು ತಕರಾರಿದೆ. ನಿನ್ನೊಳಗಿರುವವನು ನನ್ನ ವಿಷದಲ್ಲಿ ನರಳುತ್ತಾನೆ ಎಂದು ಕಾರ್ಕೋಟಕ ನಳನಿಗೆ ಮೊದಲೇ ಹೇಳಿರುತ್ತಾನೆ. ಹಾಗೆ ಭರವಸೆ ಕೊಡುವ ಹಾವಿದ್ದರೆ ಯಾರಾದರೂ ತಾಳುತ್ತಾರೆ. ನನ್ನ ಸಹೋದ್ಯೋಗಿ ಒಳಗೊಳಗೇ ಬೇಯುತ್ತಿದ್ದಾರೋ ಇಲ್ಲವೋ, ನನಗೆ ಹೇಳುವವರು ಯಾರು? ಕಂಡ ಮಟ್ಟಿಗೆ ಅವರು ಚೆನ್ನಾಗಿಯೇ ಇದ್ದಾರೆ.

ಇನ್ನೊಂದು ವಿಷಯ ನಾಲ್ಕನೆಯ ದಿನದ್ದು. ರಾಜ್ಯ ಕಳೆದ ಕಲಿಯನ್ನು ಬಿಟ್ಟವನು, ತನ್ನನ್ನು ಹುಡುಕಲೆಂದೇ ಎರಡನೆಯ ಸ್ವಯಂವರದ ನೆಪ ಹೂಡಿದ ದಮಯಂತಿಯನ್ನು ಶಂಕಿಸುತ್ತಾನೆ. ಅವಳು ನಿರ್ದೋಷಿ ಎಂದು ಆಕಾಶವೇ ಮಾತಾಡಬೇಕಾಗುತ್ತದೆ. ಶತ್ರುವಿನ ಲೆಕ್ಕವನ್ನು ದೇವರಿಗೆ ಬಿಟ್ಟವನು ಹೆಂಡತಿಯ ಲೆಕ್ಕವನ್ನು ತಾನೇ ಕೇಳಲು ಕೂತ. ವಾರಿಯರ್ ಇದನ್ನು ಮುಚ್ಚಿಡದೆ ಒಂದು ರಾತ್ರಿಯ ಆಟವಾಗಿ ಹಿಗ್ಗಿಸಿದ್ದಾರೆ. ಅದಕ್ಕೇ ನನಗೆ ಮೂರನೆಯ ದಿನಕ್ಕಿಂತ ನಾಲ್ಕನೆಯದು ಮೇಲು.

ಅಮ್ಮನಿಗೆ ಪೂರ್ತಿ ಕಥೆ ಹೇಳಿದೆ. ಕಲಿಯ ಬಗ್ಗೆ ಅವಳು ಏನೂ ಅನ್ನಲಿಲ್ಲ. "ಆಕಾಶ ಸುಮ್ಮನಿದ್ದಿದ್ದರೆ ಅವಳ ಗತಿ?" ಅಂತ ಕೇಳಿದಳು.