ಅನುಭೋಗವೆಚ್ಚದ ಅಂಕಿಗಳು: ಮೂರು ತಾಲ್ಲೂಕುಗಳ ದೃಷ್ಟಿಯಿಂದ ಒಂದು ವಿಮರ್ಶೆ

ಅನುಭೋಗವೆಚ್ಚವನ್ನು ಕುಟುಂಬಗಳದೆಂದೂ ಸರ್ಕಾರದ್ದೆಂದೂ ಎರಡಾಗಿ ವಿಂಗಡಿಸುವುದು ರಾಷ್ಟ್ರೀಯ ಲೆಕ್ಕಗಳ ವಾಡಿಕೆ. ಈ ವಿಂಗಡಣೆಯಿಂದ ಹಣವನ್ನು ಯಾರು ವೆಚ್ಚಮಾಡಿದರೆಂಬುದು ತಿಳಿಯುತ್ತದೆ. ಅದರ ಫಲ ಯಾರಿಗೆ ಸಂದಿತೆಂಬುದು ತಿಳಿಯದು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಕೊರತೆಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಮಾದರಿ ಸಮೀಕ್ಷೆಯ ಪ್ರಕಾರ ಭಾರತದ ಗ್ರಾಮಗಳಲ್ಲಿ ತಲಾ ಮಾಸಿಕ ವೆಚ್ಚವು 2011–12ರಲ್ಲಿ 1,430 ರೂಪಾಯಿ, 2022–23ರಲ್ಲಿ 3,773 ರೂಪಾಯಿ. ಆದರೆ 2011–12ರ ಬೆಲೆಗಳಲ್ಲಿಯೇ ಎಣಿಸಿದರೆ ಎರಡನೆಯ ಮೊತ್ತ 2,008 ರೂಪಾಯಿಗೆ ಇಳಿಯುತ್ತದೆ. ನಿಜವಾದ ಏರಿಕೆ ನೂರಕ್ಕೆ ನಲವತ್ತರಷ್ಟು. ಇದನ್ನೂ ಎಚ್ಚರದಿಂದಲೇ ಒಪ್ಪಬೇಕು. ಮೊದಲಿನ ಸಮೀಕ್ಷೆಯು 347 ಬಾಬುಗಳನ್ನು ವಿಚಾರಿಸಿದ್ದರೆ, ನಂತರದ್ದು 405 ಬಾಬುಗಳನ್ನು ಮೂರು ಭೇಟಿಗಳಲ್ಲಿ ವಿಚಾರಿಸಿತು. ನಡುವಣ 2017–18ರ ಸಮೀಕ್ಷೆಯ ಫಲಿತಾಂಶವನ್ನು ಸರ್ಕಾರವು ಹೊರತರಲಿಲ್ಲ.

ಇದೇ ಅವಧಿಯಲ್ಲಿ ಗ್ರಾಮೀಣ ವೆಚ್ಚದಲ್ಲಿ ಆಹಾರದ ಪಾಲು ನೂರಕ್ಕೆ 52.9ರಿಂದ 46.4ಕ್ಕೆ ಇಳಿಯಿತು. ಏಂಗೆಲ್ ನಿಯಮವನ್ನು ಬಲ್ಲವರು ಇದನ್ನು ಏಳಿಗೆಯ ಗುರುತೆಂದು ಓದುವರು. ಉಚಿತ ಅಕ್ಕಿಯೇ ಇದಕ್ಕೆ ಕಾರಣವೆಂಬ ಆಕ್ಷೇಪವೂ ಉಂಟು. ಉಚಿತ ಪದಾರ್ಥಗಳಿಗೆ ಬೆಲೆ ಕಟ್ಟಿ ಸೇರಿಸಿದಾಗ ಗ್ರಾಮೀಣ ವೆಚ್ಚವು 3,860 ರೂಪಾಯಿಯಾಗುತ್ತದೆ. ಅಂತರ ಕೇವಲ 87 ರೂಪಾಯಿಯಾದುದರಿಂದ ಆ ಆಕ್ಷೇಪವು ಪೂರ್ಣವಾಗಿ ನಿಲ್ಲದು. ಆದರೆ ಇದು ಸರಾಸರಿ. ಕಡೂರಿನ ಬಯಲು ಸೀಮೆಯ ಕೂಲಿಕಾರನಿಗೂ ತರೀಕೆರೆಯ ಅಡಕೆ ತೋಟದ ಒಡೆಯನಿಗೂ ಆ ಅಕ್ಕಿಯ ತೂಕ ಒಂದೇ ಆಗಿರಲಾರದು. ಸರ್ಕಾರಿ ಶಾಲೆಯ ಪಾಠಕ್ಕೂ ಆಸ್ಪತ್ರೆಯ ಚಿಕಿತ್ಸೆಗೂ ಈ ಸಮೀಕ್ಷೆಯು ಬೆಲೆ ಕಟ್ಟುವುದೇ ಇಲ್ಲ.

ಇನ್ನು ಸರ್ಕಾರದ ಕಡೆಯ ಲೆಕ್ಕ. ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರದ ಕಚೇರಿಯ ಸಂಬಳಗಳು ಸರ್ಕಾರಿ ಅನುಭೋಗವೆನಿಸುತ್ತವೆ. ಅದೇ ಊರಿನ ಬಳಿ ಹಾಯುವ ಭದ್ರಾ ಮೇಲ್ದಂಡೆಯ ಸುರಂಗವು ಬಂಡವಾಳದ ಬಾಬಿಗೆ ಸೇರುತ್ತದೆ. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂಪಾಯಿಯಾದರೋ ಕೇವಲ ವರ್ಗಾವಣೆ. ಗೃಹಿಣಿಯು ಅದನ್ನು ಸಂತೆಯಲ್ಲಿ ಕಳೆದಾಗ ಕುಟುಂಬದ ಅನುಭೋಗವಾಗುತ್ತದೆ. ನಾಲ್ವರ ಮನೆಯಲ್ಲಿ ಇದು ತಲೆಗೆ 500 ರೂಪಾಯಿ, ಸಣ್ಣ ಮೊತ್ತವಲ್ಲ. ಹೀಗೆ ಒಂದೇ ಬೊಕ್ಕಸದಿಂದ ಹೊರಟ ಹಣ ಮೂರು ಹೆಸರು ತಾಳುತ್ತದೆ. ಸಂಬಳಗಳ ಮೊತ್ತ ಹೆಚ್ಚಿದ ಮಾತ್ರಕ್ಕೆ ಸೇವೆ ಹೆಚ್ಚಿತೆಂದು ಹೇಳುವಂತಿಲ್ಲ. ಸರ್ಕಾರಿ ಅನುಭೋಗವನ್ನು ಅಳೆಯುವುದು ವೆಚ್ಚದಿಂದಲೇ ವಿನಾ ಫಲದಿಂದಲ್ಲ.

ವಾಸ್ತವ ಅನುಭೋಗವೆಂಬ ಮತ್ತೊಂದು ಪರಿಕಲ್ಪನೆ ರಾಷ್ಟ್ರೀಯ ಲೆಕ್ಕಶಾಸ್ತ್ರದಲ್ಲಿದೆ. ಕುಟುಂಬದ ವೆಚ್ಚಕ್ಕೆ ಶಾಲೆ, ಆಸ್ಪತ್ರೆ ಮೊದಲಾದ ಸೇವೆಗಳ ಮೌಲ್ಯವನ್ನು ಸೇರಿಸುವ ಈ ಕ್ರಮ ನಮಗೆ ಹೆಚ್ಚು ಉಚಿತವೆಂದು ತೋರುತ್ತದೆ. ರಾಜ್ಯಮಟ್ಟದ ಅಂದಾಜಿಗೆಂದು ರಚಿತವಾದ ಮಾದರಿಯಿಂದ ತಾಲ್ಲೂಕಿನ ಸ್ಥಿತಿಯನ್ನು ನಿರ್ಣಯಿಸಲು ಬಾರದು. ಆದುದರಿಂದ ಈ ಪ್ರದೇಶದ ಕಾಲೇಜುಗಳ ಅರ್ಥಶಾಸ್ತ್ರ ವಿದ್ಯಾರ್ಥಿಗಳು ಕೆಲವು ಹಳ್ಳಿಗಳನ್ನಾದರೂ ಆರಿಸಿ, ಸ್ವಂತ ದುಡಿಮೆಯ ವೆಚ್ಚ, ವರ್ಗಾವಣೆಯ ವೆಚ್ಚ, ಉಚಿತವಾಗಿ ಪಡೆದ ಸೇವೆ ಎಂಬ ಮೂರು ಅಂಕಣಗಳಲ್ಲಿ ಮನೆವಾರ್ತೆಯ ಲೆಕ್ಕವನ್ನು ಸಂಗ್ರಹಿಸತಕ್ಕದ್ದು. ಅಂಥ ಲೆಕ್ಕ ಕೈಸೇರುವವರೆಗೆ ಸರಾಸರಿಯ ಏರಿಕೆಯನ್ನು ಈ ಮೂರು ತಾಲ್ಲೂಕುಗಳ ಏಳಿಗೆಯೆಂದು ಬೋಧಿಸುವುದು ಯುಕ್ತವಲ್ಲ.