ವೆಸ್ಲಿ ಅಂದರೂ, ವೆಲ್ಲೆಸ್ಲಿ ಅಂದರೂ

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಬಡಗಣ ಕವಲಿಗೆ ಅಡ್ಡಲಾಗಿ ವೆಲ್ಲೆಸ್ಲಿ ಸೇತುವೆ ಇದೆ. ಬಂಡೆಯ ಮೇಲೆ ಕಲ್ಲುಕಂಬ, ಕಂಬದ ಮೇಲೆ ಕಲ್ಲುತೊಲೆ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ್ದು. ಅಲ್ಲಿಂದ ಅರ್ಧ ಗಂಟೆ ದಾರಿ ಹೋದರೆ ಮೈಸೂರಿನಲ್ಲಿ ವೆಸ್ಲಿ ಹೆಸರಿನ ಚರ್ಚು. ಹಳೆಯ ಕನ್ನಡ ಪುಸ್ತಕ ಹುಡುಕುವ ಚಟ ಇದ್ದವರಿಗೆ ಮುಖಪುಟದ ಬುಡದಲ್ಲಿ ಅಚ್ಚಾಗಿರುವ ವೆಸ್ಲಿಯನ್ ಮಿಶನ್ ಪ್ರೆಸ್ಸಿನ ಹೆಸರೂ ಗೊತ್ತು. ಒಂದು ಸೇತುವೆ ಆಳಿದವರ ಹೆಸರಿನದು, ಇನ್ನೊಂದು ಪ್ರೆಸ್ಸು ಪಾದ್ರಿಗಳ ಹೆಸರಿನದು. ಅಡ್ಡಹೆಸರುಗಳ ಬೆನ್ನು ಹತ್ತುವ ನನ್ನಂಥವನಿಗೆ ಇವೆರಡೂ ಒಂದೇ ಹೆಸರೋ ಬೇರೆ ಬೇರೆಯೋ ಅನ್ನುವ ಗುಂಗೀಹುಳ ತಲೆಗೆ ಹೊಕ್ಕರೆ ಹೊರಗೆ ಬರುವುದು ಕಷ್ಟ.

ಮೊದಲು ದೊಡ್ಡ ಹೆಸರನ್ನೇ ಹಿಡಿಯೋಣ. ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯಲ್ಲಿ ವೆಲ್ಸ್ ಅಂತ ಒಂದು ಪುಟ್ಟ ನಗರ. ಹೆಸರೇ ಹೇಳುವ ಹಾಗೆ ಅದು ಒರತೆಗಳ ಊರು. ಬಿಷಪ್ಪನ ಅರಮನೆಯ ತೋಟದಲ್ಲಿ ಈಗಲೂ ನೀರು ಬುಗ್ಗೆಯಾಗಿ ಏಳುತ್ತದೆ. 1451ರಲ್ಲಿ ಬಿಷಪ್ ಬೆಕಿಂಗ್ಟನ್ ಆ ನೀರಿನಲ್ಲಿ ಊರಿಗೊಂದು ಪಾಲು ಕೊಟ್ಟ. ಪೇಟೆಬೀದಿಯ ಅಂಚಿನ ಕಾಲುವೆಯಲ್ಲಿ ಅದು ಇಂದಿಗೂ ಹರಿಯುತ್ತದೆ. ಅರಮನೆಯ ಕಂದಕದ ಹಂಸಗಳಿಗೆ ಹಸಿವಾದಾಗ ಹಗ್ಗ ಎಳೆದು ಗಂಟೆ ಬಾರಿಸುವ ಅಭ್ಯಾಸ ಮಾಡಿಸಿದ್ದಾರೆ. (ಬೆಕಿಂಗ್ಟನ್ ಅನ್ನುವುದೂ ಅದೇ ಸೀಮೆಯ ಒಂದು ಹಳ್ಳಿ. ಬಿಷಪ್ಪನದೂ ಊರಿನ ಹೆಸರೇ.)

ಈ ವೆಲ್ಸ್ ಹತ್ತಿರದ ಒಂದು ಜಾಗಕ್ಕೆ ವೆಲ್ಲೆಸ್ಲಿ ಎಂದು ಹೆಸರಾಯಿತು. ಕೊನೆಯ 'ಲಿ' ಹಳೆಯ ಇಂಗ್ಲಿಷಿನ 'ಲೇಆಹ್'. ಕಾಡಿನ ನಡುವೆ ಬಯಲಾದ ಜಾಗ ಅಂತ ಅರ್ಥ. ಮಲೆನಾಡಿನವರ ಹಕ್ಕಲು ಇದಕ್ಕೆ ತೀರ ದೂರವಲ್ಲ. ಸ್ಟ್ಯಾನ್ಲಿ ಅಂದರೆ ಕಲ್ಲುಹಕ್ಕಲು, ಬ್ರ್ಯಾಡ್ಲಿ ಅಂದರೆ ಅಗಲ ಹಕ್ಕಲು. ಕ್ರಿಕೆಟ್ ನೋಡುವವರ ಹೆಡಿಂಗ್ಲಿಯ ಬಾಲವೂ ಇದೇ. ಈ ಬಾಲ ಕಂಡಲ್ಲೆಲ್ಲ ಒಂದು ಕಾಲಕ್ಕೆ ಕೊಡಲಿ ಸದ್ದು ಕೇಳಿತ್ತು ಅಂತ ನಾನು ಅಂದುಕೊಳ್ಳುತ್ತೇನೆ.

ಊರಿನ ಹೆಸರು ಅಡ್ಡಹೆಸರಾಗುವುದು ಸಾಮಾನ್ಯವಾಗಿ ಊರು ಬಿಟ್ಟ ಮೇಲೆ. ಹಾನಗಲ್ಲಿನಲ್ಲೇ ಕೂತವರನ್ನು ಹಾನಗಲ್ಲಿನವರು ಅಂತ ಕರೆದು ಏನು ಪ್ರಯೋಜನ, ಅಲ್ಲಿ ಎಲ್ಲರೂ ಹಾನಗಲ್ಲಿನವರೇ. ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹಾನಗಲ್ಲು ಹೆಸರಲ್ಲಿ ಉಳಿಯಿತು. ವೆಲ್ಲೆಸ್ಲಿ ಮನೆತನವೂ ಹೀಗೇ ಸಾಮರ್ಸೆಟ್ ಬಿಟ್ಟು ಮಧ್ಯಯುಗದಲ್ಲೇ ಐರ್ಲೆಂಡಿಗೆ ಹೋಗಿ ನೆಲೆನಿಂತಿತು. ನೂರಾರು ವರ್ಷ ನಾಲಗೆಯ ಮೇಲೆ ಸವೆದು ಹೆಸರಿನ ನಡುವಿನ ಅಕ್ಷರ ಉದುರಿ ವೆಸ್ಲಿ ಆಯಿತು.

ಇಲ್ಲಿಂದ ಕಥೆ ಸೊಟ್ಟಗಾಗುತ್ತದೆ, ನನಗೆ ರುಚಿ ಹತ್ತುವುದೂ ಇಲ್ಲಿಂದಲೇ. ಐರ್ಲೆಂಡಿನ ಡಂಗನ್ ಕೋಟೆಮನೆಯ ಗ್ಯಾರೆಟ್ ವೆಸ್ಲಿಗೆ ಮಕ್ಕಳಿರಲಿಲ್ಲ. ಆಸ್ತಿಯ ಜೊತೆ ಹೆಸರೂ ಉಳಿಯಬೇಕು ಅನ್ನುವ ಹಂಬಲ. ಇಂಗ್ಲೆಂಡಿನಲ್ಲಿ ಅದೇ ಅಡ್ಡಹೆಸರಿನ ಒಬ್ಬ ಪಾದ್ರಿಯ ಮಗ ಓದುತ್ತಿದ್ದ, ಚಾರ್ಲ್ಸ್ ಅಂತ. ಅವನನ್ನು ವಾರಸುದಾರ ಮಾಡಿಕೊಳ್ಳಲು ಕೇಳಿಸಿದ, ಹುಡುಗ ಒಲ್ಲೆ ಅಂದ ಎಂದು ವೆಸ್ಲಿಗಳ ಜೀವನಚರಿತ್ರೆಗಳು ಹೇಳುತ್ತವೆ. ಆ ಹುಡುಗ ಮುಂದೆ ಸಾವಿರಾರು ಕೀರ್ತನೆ ಬರೆದ ಚಾರ್ಲ್ಸ್ ವೆಸ್ಲಿ. ಅವನ ಅಣ್ಣ ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ. ಕೊನೆಗೆ 1728ರಲ್ಲಿ ಆಸ್ತಿ ಬಂದದ್ದು ನಂಟಸ್ತಿಕೆಯ ರಿಚರ್ಡ್ ಕಾಲಿಗೆ. ಅವನು ಕಾಲಿ ಅನ್ನುವುದನ್ನು ಬಿಟ್ಟು ವೆಸ್ಲಿ ಆದ. ಅವನ ಮೊಮ್ಮಕ್ಕಳೇ ನಮ್ಮ ಚರಿತ್ರೆಯ ಪುಸ್ತಕಗಳ ರಿಚರ್ಡ್ ಮತ್ತು ಆರ್ಥರ್. ಅಂದರೆ ಗಂಡುಸಂತತಿಯ ಲೆಕ್ಕ ಹಿಡಿದರೆ ಈ ಅಣ್ಣತಮ್ಮಂದಿರಿಗೂ ಸಾಮರ್ಸೆಟ್ಟಿನ ಆ ಹಕ್ಕಲಿಗೂ ಸಂಬಂಧವಿಲ್ಲ. ಹೆಸರು ಬಂದದ್ದು ಉಯಿಲಿನಲ್ಲಿ.

ಅಣ್ಣ ರಿಚರ್ಡ್‌ಗೆ ಹಳೆಯ ಉದ್ದದ ವೆಲ್ಲೆಸ್ಲಿಯೇ ಬೇಕೆನಿಸಿತು. ಮೊಟಕು ವೆಸ್ಲಿ ಅಂದರೆ ಜನಕ್ಕೆ ಬಯಲಲ್ಲಿ ನಿಂತು ಬೋಧಿಸುವ ಮೆಥಡಿಸ್ಟರ ನೆನಪಾಗುತ್ತದೆ ಅನ್ನುವ ಅಳುಕೂ ಇತ್ತೇನೋ, ಅದು ನನ್ನ ಗುಮಾನಿ. ತಮ್ಮ ಆರ್ಥರ್ ಭಾರತಕ್ಕೆ ಬಂದದ್ದು ಆರ್ಥರ್ ವೆಸ್ಲಿಯಾಗಿ. 1798ರ ಮೇ ತಿಂಗಳಲ್ಲಿ, ಅಣ್ಣ ಗವರ್ನರ್ ಜನರಲ್ ಆಗಿ ಕಲ್ಕತ್ತಾಗೆ ಬಂದಿಳಿದ ಹೊತ್ತಿಗೆ, ಇವನೂ ಸಹಿ ಬದಲಿಸಿದ. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೋಟೆಗೆ ಮುತ್ತಿಗೆ ಹಾಕಿದ ದಂಡಿನಲ್ಲಿದ್ದ ಕರ್ನಲ್ ವೆಲ್ಲೆಸ್ಲಿಯ ಸಹಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ಸೇತುವೆಗೆ ಇಟ್ಟಿರುವುದು ಅಣ್ಣನ ಹೆಸರು. ಪಟ್ಟಣದ ಉಸ್ತುವಾರಿ ನೋಡಿಕೊಂಡು ದರಿಯಾ ದೌಲತ್‌ನಲ್ಲಿ ಬಿಡಾರ ಹೂಡಿದ್ದವನು ತಮ್ಮನಾದ್ದರಿಂದ ಗೊಂದಲ ಸಹಜ. ಅಣ್ಣನಿಗೆ ಮೈಸೂರು ಯುದ್ಧದ ಬಳುವಳಿಯಾಗಿ ಮಾರ್ಕ್ವಿಸ್ ವೆಲ್ಲೆಸ್ಲಿ ಪದವಿ ಬಂತು. ಆದರೆ ಅದು ಐರ್ಲೆಂಡಿನ ಪದವಿ, ಇಂಗ್ಲೆಂಡಿನದಲ್ಲ. ಚಿನ್ನದ ಮುಲಾಮು ಹಾಕಿದ ಆಲೂಗಡ್ಡೆ ಕೊಟ್ಟರು ಅಂತ ಅವನು ಗೊಣಗಿದ. ಟಿಪ್ಪುವಿನ ರಾಜ್ಯ ಕಿತ್ತುಕೊಂಡವನ ಅಸಮಾಧಾನ ಆಲೂಗಡ್ಡೆಯದು!

ತಮ್ಮನ ಪಾಲಿಗೆ ಇನ್ನೊಂದು ಊರಿನ ಹೆಸರು ಕಾದಿತ್ತು. 1809ರಲ್ಲಿ ಸ್ಪೇನಿನ ತಲವೇರಾ ಕಾಳಗ ಗೆದ್ದಾಗ ಅವನಿಗೆ ಪದವಿ ಕೊಡಬೇಕು, ಹೆಸರು ಯಾವುದು? ಅವನು ಯುದ್ಧಭೂಮಿಯಲ್ಲಿ. ಲಂಡನ್ನಿನಲ್ಲಿದ್ದ ಇನ್ನೊಬ್ಬ ಅಣ್ಣ ವಿಲಿಯಂ ಭೂಪಟ ಹರಡಿಕೊಂಡು ಕೂತ. ವೆಲ್ಲೆಸ್ಲಿಗೆ ಹತ್ತಿರವಾಗಿ ಕಿವಿಗೆ ಬೀಳುವ ಊರು ಹುಡುಕಿದ. ಅದೇ ಸಾಮರ್ಸೆಟ್ಟಿನಲ್ಲಿ ವೆಲಿಂಗ್ಟನ್ ಸಿಕ್ಕಿತು. ಆ ಮನೆತನಕ್ಕೂ ಆ ಊರಿಗೂ ಹಿಂದುಮುಂದಿಲ್ಲ, ಧ್ವನಿ ಹೊಂದಿತು, ಅಷ್ಟೇ. ಆ ಆಯ್ಕೆಯಿಂದಾಗಿ ನ್ಯೂಜಿಲೆಂಡಿನ ರಾಜಧಾನಿಗೆ, ಕೂನೂರಿನ ಪಕ್ಕದ ದಂಡುಪ್ರದೇಶಕ್ಕೆ, ಮೊಣಕಾಲುದ್ದದ ರಬ್ಬರ್ ಬೂಟಿಗೆ ಹೆಸರಾಯಿತು.

ಇನ್ನು ಪಾದ್ರಿಗಳ ವೆಸ್ಲಿ. ಜಾನ್ ಮತ್ತು ಚಾರ್ಲ್ಸರ ಅಪ್ಪ ಸ್ಯಾಮುಯೆಲ್ ಎಳೆಯ ವಯಸ್ಸಿನಲ್ಲಿ ತನ್ನ ಹೆಸರನ್ನು ವೆಸ್ಟ್‌ಲಿ ಅಂತ ಬರೆಯುತ್ತಿದ್ದ, ಆಮೇಲೆ ಟಕಾರ ಕೈಬಿಟ್ಟ. ವೆಸ್ಟ್‌ಲಿ ಅಂದರೆ ಪಡುವಣ ಹಕ್ಕಲು. ಇಂಗ್ಲೆಂಡಿನಲ್ಲಿ ಆ ಹೆಸರಿನ ಹಳ್ಳಿಗಳು ಒಂದಕ್ಕಿಂತ ಹೆಚ್ಚಿವೆ, ಸಫೋಕ್‌ನಲ್ಲೊಂದು, ಕೇಂಬ್ರಿಜ್ ಸೀಮೆಯಲ್ಲೊಂದು. ಆ ಕಾಗುಣಿತವನ್ನು ನಂಬಿದರೆ ಇವರ ಹೆಸರಿನಲ್ಲಿ ಒರತೆಯಿಲ್ಲ, ಬರೀ ದಿಕ್ಕು. ಡಂಗನ್ನಿನ ಮುದುಕ ತನ್ನವನೆಂದು ಕರೆದ ಹುಡುಗನ ಹೆಸರು ಬೇರೊಂದು ಬೇರಿನದಿರಬಹುದು.

ಹಳೆಯ ಪುಸ್ತಕದ ಅಂಗಡಿಯಲ್ಲಿ ಆ ಪ್ರೆಸ್ಸಿನ ಪುಸ್ತಕ ಕೈಗೆ ಸಿಕ್ಕಾಗೆಲ್ಲ ನಾನು ಮೊದಲು ನೋಡುವುದು ಹೆಸರಿನ ಕಾಗುಣಿತ. ಟಕಾರ ಎಲ್ಲೂ ಉಳಿದಿಲ್ಲ.